ರಿಟರ್ನ್ ಪಂಪ್ ಕೊಳ್ಳುವ ಮೊದಲು ಪೈಪ್ ನೋಡಿ

ದೊಡ್ಡ ಅಕ್ವೇರಿಯಂನ ಕೆಳಗೆ ಸಾಮಾನ್ಯವಾಗಿ ಇನ್ನೊಂದು ತೊಟ್ಟಿ ಇರುತ್ತದೆ. ಅದೇ ಸಂಪ್. ಮೇಲಿನ ಟ್ಯಾಂಕಿನ ನೀರು ಓವರ್‌ಫ್ಲೋ, ಅಂದರೆ ಹೆಚ್ಚಾದ ನೀರು ಇಳಿಯುವ ದಾರಿ, ದಾಟಿ ತನ್ನಷ್ಟಕ್ಕೆ ತಾನೇ ಕೆಳಗಿಳಿದು, ಫಿಲ್ಟರು, ಹೀಟರು ಎಲ್ಲವನ್ನೂ ಹಾದು ಸಂಪಿನ ಕೊನೆಯ ಕೋಣೆಗೆ ಬರುತ್ತದೆ. ಅಲ್ಲಿಂದ ಮತ್ತೆ ಮೇಲಕ್ಕೆ ಕಳಿಸುವ ಕೆಲಸ ರಿಟರ್ನ್ ಪಂಪಿನದು. ಟ್ಯಾಂಕ್ ಚಿಕ್ಕದಾದರೆ ನೀರಿನಲ್ಲೇ ಮುಳುಗಿಸಿಡುವ ಪಂಪ್ ಸಾಕು. ಸಾವಿರ ಲೀಟರಿನ ಆಸುಪಾಸಿಗೆ ಬಂದಾಗ ಸಂಪಿನ ಹೊರಗೆ ಕೂರಿಸುವ ಪಂಪಿನ ಯೋಚನೆ ಶುರುವಾಗುತ್ತದೆ. ಆಗ ಎಲ್ಲರೂ ಮೊದಲು ನೋಡುವುದು ಡಬ್ಬದ ಮೇಲೆ ದಪ್ಪಗೆ ಅಚ್ಚಾದ ಅಂಕಿಯನ್ನು: ಗಂಟೆಗೆ ಇಷ್ಟು ಲೀಟರ್ ಅಂತ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ಅಂಕಿ.

ಸಾಮಾನ್ಯವಾಗಿ ಆ ಅಂಕಿ ಪಂಪಿಗೆ ಯಾವ ಹೊರೆಯೂ ಇಲ್ಲದಾಗಿನದು. ಎತ್ತರ ಸೊನ್ನೆ, ಪೈಪೂ ಇಲ್ಲ. ನಿಮ್ಮ ಪಂಪಿಗೆ ಆ ಸುಖ ಎಂದೂ ಸಿಗುವುದಿಲ್ಲ. ಅದು ಎರಡು ಹೊರೆ ಹೊರಬೇಕು. ಒಂದು ಎತ್ತರ, ಇನ್ನೊಂದು ಪೈಪಿನೊಳಗಿನ ಘರ್ಷಣೆ. ಎರಡನ್ನೂ ಮೀಟರಿನಲ್ಲೇ ಅಳೆದು, ಕೂಡಿಸಿ, ‘ಹೆಡ್’ ಅನ್ನುತ್ತಾರೆ.

ಎತ್ತರವನ್ನು ಅಳೆಯುವಾಗ ಟೇಪನ್ನು ಪಂಪಿನಿಂದ ಹಿಡಿಯುವವರೇ ಜಾಸ್ತಿ. ಹಿಡಿಯಬೇಕಾದ್ದು ಸಂಪಿನ ನೀರಿನ ಮಟ್ಟದಿಂದ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ. ಪಂಪನ್ನು ಅರ್ಧ ಅಡಿ ಕೆಳಗಿಟ್ಟರೆ ಹೊರೆ ಹೆಚ್ಚುವುದಿಲ್ಲ, ಯಾಕೆಂದರೆ ಸಂಪಿನ ನೀರೇ ಅದರ ಬೆನ್ನ ಹಿಂದೆ ಅಷ್ಟು ಒತ್ತಡ ಕೊಡುತ್ತಿರುತ್ತದೆ. ಇನ್ನು ನೀರು ಬೀಳುವ ಬಾಯಿ ಟ್ಯಾಂಕಿನ ನೀರಿಗಿಂತ ಮೇಲಿದ್ದರೆ ಆ ಬಾಯಿವರೆಗೆ ಅಳೆಯಬೇಕು.

ಅಸಲಿ ಆಟ ಇರುವುದು ಘರ್ಷಣೆಯಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಟ್ಯಾಂಕ್ 1,000 ಲೀಟರಿನದು, ಗಂಟೆಗೆ 5,000 ಲೀಟರ್ ಹರಿಯಬೇಕು. ಎತ್ತರ ಒಂದೂವರೆ ಮೀಟರ್. ಪೈಪ್ ನಾಲ್ಕು ಮೀಟರ್, ನಡುವೆ ನಾಲ್ಕು ಎಲ್ಬೋ (ಪೈಪನ್ನು ತಿರುಗಿಸುವ ಮೂಲೆ ಜೋಡಣೆ). ಒಳವ್ಯಾಸ 25 ಮಿಲಿಮೀಟರ್ ಇರುವ ಪೈಪ್ ಹಾಕಿದರೆ ನೀರು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ನುಗ್ಗಬೇಕು. ಪೈಪಿನ ಗೋಡೆ, ಎಲ್ಬೋಗಳು, ಕೊನೆಯ ಬಾಯಿ ಎಲ್ಲ ಸೇರಿ ಸುಮಾರು 3.1 ಮೀಟರ್ ಹೆಡ್ ನುಂಗುತ್ತವೆ. ಅಂದರೆ ಎತ್ತರಕ್ಕಿಂತ ಘರ್ಷಣೆಯೇ ಎರಡು ಪಟ್ಟು! ಅದೇ ಜಾಗದಲ್ಲಿ 40 ಮಿಲಿಮೀಟರ್ ಪೈಪ್ ಹಾಕಿ. ವೇಗ ಸೆಕೆಂಡಿಗೆ 1.1 ಮೀಟರಿಗೆ ಇಳಿಯುತ್ತದೆ, ಘರ್ಷಣೆ ಅರ್ಧ ಮೀಟರಿಗೂ ಕಡಿಮೆ, ಸುಮಾರು 0.4 ಮೀಟರ್. ಪಂಪ್ ಬದಲಾಗಿಲ್ಲ, ಟ್ಯಾಂಕ್ ಬದಲಾಗಿಲ್ಲ. ಪೈಪಿನ ವ್ಯಾಸ ಒಂದೇ ಬದಲಾಗಿದ್ದು.

ಇದರ ಹಿಂದಿನ ನಿಯಮವನ್ನು 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಯೂಲಿಯುಸ್ ವೈಸ್‌ಬಾಖ್ ಮತ್ತು ಫ್ರಾನ್ಸಿನ ಹೆನ್ರಿ ಡಾರ್ಸಿ ಎಂಬ ಎಂಜಿನಿಯರುಗಳು ರೂಪಿಸಿದರು. ಹರಿವು ಅಷ್ಟೇ ಇದ್ದರೆ, ನೇರ ಪೈಪಿನ ಘರ್ಷಣೆ ಹೆಚ್ಚುಕಡಿಮೆ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ವ್ಯಾಸ ಎರಡು ಪಟ್ಟಾದರೆ ಘರ್ಷಣೆ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಬರುತ್ತದೆ. ಪ್ಲಂಬಿಂಗ್‌ನಲ್ಲಿ ಇಷ್ಟು ಸುಲಭವಾಗಿ ಸಿಗುವ ಲಾಭ ಇನ್ನೊಂದು ನನಗೆ ಗೊತ್ತಿಲ್ಲ.

ಹಾಗಾಗಿ ಮೊದಲು ಪೈಪ್ ತೀರ್ಮಾನಿಸಿ, ಒಟ್ಟು ಹೆಡ್ ಲೆಕ್ಕ ಹಾಕಿ, ಆಮೇಲೆ ಪಂಪಿನ ಗ್ರಾಫ್ ತೆಗೆದು ನೋಡಿ. ಹೆಡ್ ಏರಿದಂತೆ ಹರಿವು ಹೇಗೆ ಇಳಿಯುತ್ತದೆ ಅನ್ನುವುದು ಅದರಲ್ಲಿ ಇರುತ್ತದೆ. ನಮ್ಮ ಲೆಕ್ಕದಲ್ಲಿ 1.9 ಮೀಟರ್ ಹೆಡ್‌ನಲ್ಲಿ 5,000 ಲೀಟರ್ ಕೊಡುವ ಪಂಪ್ ಬೇಕು. ಗ್ರಾಫನ್ನೇ ಕೊಡದ ಪಂಪನ್ನು ನಾನಂತೂ ಕೊಳ್ಳುವುದಿಲ್ಲ.

5,000 ಯಾಕೆ? ಗಂಟೆಗೆ ಟ್ಯಾಂಕಿನ ನೀರಿನ ಮೂರರಿಂದ ಐದು ಪಟ್ಟು ಸಂಪಿನ ಮೂಲಕ ಹಾದುಹೋದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಹವಳ ಸಾಕುವವರಿಗೆ ಟ್ಯಾಂಕಿನೊಳಗೆ ಜೋರು ಹರಿವು ಬೇಕು ನಿಜ, ಆದರೆ ಅದನ್ನು ಒಳಗೇ ಇಡುವ ವೇವ್‌ಮೇಕರುಗಳು ತುಂಬಾ ಕಡಿಮೆ ಕರೆಂಟಿನಲ್ಲಿ ಮಾಡುತ್ತವೆ. ನೀರನ್ನು ಸುಮ್ನೆ ಕೆಳಗಿಳಿಸಿ ಮೇಲೆತ್ತುವುದು ದುಬಾರಿ ದಾರಿ. ಓವರ್‌ಫ್ಲೋ ಎಷ್ಟು ಇಳಿಸಬಲ್ಲದೋ ಅದಕ್ಕಿಂತ ಜಾಸ್ತಿ ಕಳಿಸಿದರೆ ನೀರು ನೆಲಕ್ಕೇ ಬರುತ್ತದೆ.

ಕರೆಂಟಿನ ವಿಷಯ ಲಘುವಾಗಿ ನೋಡುವಂಥದ್ದಲ್ಲ. ಈ ಪಂಪ್ ದಿನದ 24 ಗಂಟೆ, ವರ್ಷಪೂರ್ತಿ ಓಡುತ್ತದೆ. 5,000 ಲೀಟರನ್ನು 1.9 ಮೀಟರ್ ಹೆಡ್‌ಗೆ ತಳ್ಳಲು ನೀರಿಗೆ ಸೇರಬೇಕಾದ ಶಕ್ತಿ ಸುಮಾರು 26 ವ್ಯಾಟ್. ಸಣ್ಣ ಪೈಪಿನ 4.6 ಮೀಟರ್ ಹೆಡ್‌ಗಾದರೆ 63 ವ್ಯಾಟ್. ಪಂಪ್ ತಾನು ಎಳೆದ ಕರೆಂಟಿನಲ್ಲಿ ಶೇ 30ರಷ್ಟನ್ನು ನೀರಿಗೆ ದಾಟಿಸುತ್ತದೆ ಎಂದಿಟ್ಟುಕೊಂಡರೆ, ಒಂದಕ್ಕೆ ಸುಮಾರು 86 ವ್ಯಾಟ್, ಇನ್ನೊಂದಕ್ಕೆ 209. ವರ್ಷಕ್ಕೆ ಸಾವಿರ ಯೂನಿಟ್ ದಾಟುವ ವ್ಯತ್ಯಾಸ, ಎಲ್ಲಾ ಪೈಪಿನ ಗೋಡೆಗೆ ಉಜ್ಜಿ ಹೋಗುವುದಕ್ಕೆ.

ಉಜ್ಜಿದ ಶಕ್ತಿ ಎಲ್ಲೂ ಹೋಗುವುದಿಲ್ಲ, ಬಿಸಿಯಾಗಿ ನೀರಿನಲ್ಲೇ ಉಳಿಯುತ್ತದೆ. 1,000 ಲೀಟರ್ ನೀರಿಗೆ 100 ವ್ಯಾಟ್ ಬಿಸಿ ಬಿಡದೆ ಸೇರುತ್ತಾ, ಎಲ್ಲೂ ಸೋರದಿದ್ದರೆ, ದಿನಕ್ಕೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹವಳಕ್ಕೆ ಅದು ದೊಡ್ಡ ಮಾತು. ಮುಳುಗಿಸಿದ ಪಂಪ್ ತನ್ನ ಮೋಟಾರಿನ ಬಿಸಿಯನ್ನೂ ನೀರಿಗೇ ಬಿಡುತ್ತದೆ. ಫ್ಯಾನ್ ಇರುವ ಹೊರಗಿನ ಪಂಪ್ ಅದರಲ್ಲಿ ಹೆಚ್ಚಿನದನ್ನು ಗಾಳಿಗೆ ಬಿಡುತ್ತದೆ. ಹೊರಗಿನ ಪಂಪಿನ ಪರವಾಗಿ ನಾನು ಹೇಳುವ ಮೊದಲ ಮಾತು ಇದೇ.

ವೇಗ ಬದಲಿಸಬಹುದಾದ ಪಂಪ್ ಸಿಕ್ಕರೆ ಒಳ್ಳೆಯದು. ಇಂಪೆಲ್ಲರಿನ (ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರ) ವೇಗ ಶೇ 80ಕ್ಕೆ ಇಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಸಿದ್ಧಾಂತದ ಪ್ರಕಾರ ಅರ್ಧಕ್ಕೆ ಇಳಿಯುತ್ತದೆ. ಆದರೆ ಪಂಪ್ ಹುಟ್ಟಿಸುವ ಹೆಡ್ ಕೂಡ ಶೇ 64ಕ್ಕೆ ಬೀಳುತ್ತದೆ. ಟ್ಯಾಂಕಿನ ಎತ್ತರ ಮಾತ್ರ ಹಾಗೇ ಇರುತ್ತದಲ್ವಾ? ತೀರಾ ಇಳಿಸಿದರೆ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ, ಮೇಲೆ ಒಂದು ಹನಿಯೂ ಬರುವುದಿಲ್ಲ.

ಹೊರಗಿನ ಪಂಪಿಗೆ ತನ್ನದೇ ಕೆಲವು ಕಟ್ಟಳೆಗಳಿವೆ. ಇವುಗಳಲ್ಲಿ ಬಹುಪಾಲು ತಾವಾಗಿ ನೀರು ಎಳೆದುಕೊಳ್ಳಲಾರವು. ಸಂಪಿನ ನೀರಿನ ಮಟ್ಟಕ್ಕಿಂತ ಕೆಳಗೇ ಕೂರಿಸಬೇಕು. ಎಳೆಯುವ ಬದಿಯ ಪೈಪ್ ಪಂಪಿನ ಬಾಯಿಗಿಂತ ಸಣ್ಣದಾಗಬಾರದು, ಬಾಯಿಗೆ ತಾಗಿಕೊಂಡೇ ಎಲ್ಬೋ ಬರಬಾರದು. ಹರಿವು ಕಡಿಮೆ ಮಾಡಬೇಕಿದ್ದರೆ ಹೊರಹೋಗುವ ಬದಿಯ ವಾಲ್ವ್ ತಿರುಗಿಸಿ, ಒಳಬರುವ ಬದಿಯದನ್ನು ಮುಟ್ಟಬೇಡಿ. ಒಳಬದಿ ಬಿಗಿದರೆ ಇಂಪೆಲ್ಲರಿನ ಬಳಿ ಒತ್ತಡ ಎಷ್ಟು ಬೀಳಬಹುದು ಅಂದರೆ ನೀರು ಅಲ್ಲೇ ಆವಿಯ ಗುಳ್ಳೆಯಾಗಿ, ಮರುಕ್ಷಣ ಕುಸಿಯುತ್ತದೆ. ಇದೇ ಕ್ಯಾವಿಟೇಶನ್. ಪಂಪಿನೊಳಗೆ ಜಲ್ಲಿಕಲ್ಲು ಸುರಿದ ಹಾಗೆ ಸದ್ದು ಬರುತ್ತದೆ, ಇಂಪೆಲ್ಲರ್ ಸವೆಯುತ್ತದೆ.

ಎಳೆಯುವ ಬದಿಯಲ್ಲಿ ಇನ್ನೊಂದು ಅಪಾಯ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾದರೆ, ಸೂಜಿಮೊನೆಯಷ್ಟು ತೂತಿದ್ದರೂ ನೀರು ಹೊರಗೆ ಸೋರುವ ಬದಲು ಗಾಳಿ ಒಳಕ್ಕೆ ಹೋಗುತ್ತದೆ. ಪಂಪ್ ಅದನ್ನು ಒತ್ತಿ ನೀರಿನಲ್ಲಿ ಕರಗಿಸುತ್ತದೆ. ಹೀಗೆ ಅಗತ್ಯಕ್ಕಿಂತ ಹೆಚ್ಚು ಗಾಳಿ ಕರಗಿದ ನೀರಿನಲ್ಲಿ ಮೀನಿನ ರಕ್ತದಲ್ಲೂ ಕಿವಿರಿನಲ್ಲೂ ಗುಳ್ಳೆ ಕಟ್ಟಿ ಮೀನು ಸಾಯಬಹುದು. ಟ್ಯಾಂಕಿನಲ್ಲಿ ನುಣ್ಣನೆಯ ಗುಳ್ಳೆಗಳ ಮಂಜು ಕಂಡರೆ ಮೊದಲು ಆ ಬದಿಯ ಜೋಡಣೆಗಳನ್ನು ಪರೀಕ್ಷಿಸಿ.

ಉಪ್ಪುನೀರಾದರೆ ಒಳಗಿನ ಲೋಹ ಯಾವುದು ಅಂತ ಕೇಳಿ. ಹಿತ್ತಾಳೆ, ಕಂಚು ಬೇಡವೇ ಬೇಡ. ಅವುಗಳಿಂದ ಬಿಡುವ ತಾಮ್ರ ಸೀಗಡಿ, ಹವಳಗಳಿಗೆ ವಿಷ. ಮ್ಯಾಗ್ನೆಟ್ಟಿನ ಬಲದಿಂದ ತಿರುಗುವ ಪಂಪಿನಲ್ಲಿ ಶಾಫ್ಟ್ ಹೊರಕ್ಕೆ ಬರುವ ತೂತೇ ಇರುವುದಿಲ್ಲ. ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಇರುವ ಪಂಪಾದರೆ ಒಂದಲ್ಲ ಒಂದು ದಿನ ಸೀಲ್ ಸವೆದು ಅಲ್ಲಿ ಉಪ್ಪು ಕಟ್ಟುತ್ತದೆ. ಇನ್ನೊಂದು ಸೀಲ್ ಮೊದಲೇ ತಂದಿಡಿ. ಪಂಪಿನ ಎರಡೂ ಬದಿಗೆ ಬಾಲ್ ವಾಲ್ವ್ ಮತ್ತು ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಹಾಕಿಸಿದರೆ ಸಂಪ್ ಖಾಲಿ ಮಾಡದೆ ಪಂಪ್ ಬಿಚ್ಚಬಹುದು.

ಎಲ್ಲ ಜೋಡಿಸಿದ ಮೇಲೆ, ಎದುರಿಗೆ ನಿಂತು, ಬೇಕಂತಲೇ ಸ್ವಿಚ್ ಆರಿಸಿ. ರಿಟರ್ನ್ ಪೈಪಿನ ಬಾಯಿ ಗಾಳಿ ಎಳೆಯುವವರೆಗೂ ಟ್ಯಾಂಕಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ಅಷ್ಟೂ ನೀರಿಗೆ ಸಂಪಿನಲ್ಲಿ ಜಾಗ ಇರಬೇಕು. ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ನಂಬಿ ಕೂರಬೇಡಿ, ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಸಂಪ್ ತುಂಬಿ ಬರುವಂತಿದ್ದರೆ ಆ ಬಾಯಿಯನ್ನು ನೀರಿನ ಮಟ್ಟದ ಹತ್ತಿರಕ್ಕೆ ಎತ್ತಿ, ಮತ್ತೆ ಆರಿಸಿ ನೋಡಿ.