ಸುಳಿವು ಕೊಟ್ಟರೆ ನೆನಪಾಗುತ್ತದೆಯೇ?

‘ಅಮ್ಮನ ನೆನಪೇನೂ ಹೋಗಿಲ್ಲ ಡಾಕ್ಟ್ರೇ, ಐವತ್ತು ವರ್ಷದ ಹಿಂದಿನ ಮದುವೆ ಊಟದಲ್ಲಿ ಏನೇನಿತ್ತು ಅಂತ ಹೇಳ್ತಾರೆ. ಬೆಳಿಗ್ಗೆ ಮಾತ್ರೆ ತಗೊಂಡಿದ್ದು ಮಾತ್ರ ಮರೀತಾರೆ.’ ವಯಸ್ಸಾದವರನ್ನು ಕರೆತರುವ ಮನೆಯವರು ಸಮಾಧಾನಕ್ಕೆಂದು ಹೇಳುವ ಈ ಮಾತಿಗೇ ವೈದ್ಯರು ಹೆಚ್ಚು ಗಮನ ಕೊಡಬೇಕು.

ನೆನಪಿಗೆ ಮೂರು ಹಂತ: ಹೊಸ ಸಂಗತಿ ಮೊದಲು ಗಮನಕ್ಕೆ ಬಿದ್ದು ದಾಖಲಾಗಬೇಕು, ಆಮೇಲೆ ಗಟ್ಟಿಯಾಗಬೇಕು, ಬೇಕೆಂದಾಗ ಹೊರಗೆ ಬರಬೇಕು. ಗಟ್ಟಿ ಮಾಡುವ ಹೊಣೆ ಮಿದುಳಿನ ಎರಡೂ ಪಕ್ಕದಲ್ಲಿ, ಕಿವಿಯ ನೇರಕ್ಕೆ ಒಳಗಿರುವ ಹಿಪೊಕ್ಯಾಂಪಸ್‌ನದು. ಒಟ್ಟಿಗೆ ಕೆಲಸ ಮಾಡಿದ ನರಕೋಶಗಳ ನಡುವಿನ ಕೊಂಡಿ ಅಲ್ಲಿ ಬಲಗೊಳ್ಳುತ್ತದೆ. ಅದು ಗಂಟೆಗಳಾಚೆಗೂ ಉಳಿಯಬೇಕಾದರೆ ಕೋಶಗಳು ಹೊಸ ಪ್ರೋಟೀನ್ ತಯಾರಿಸಬೇಕು. ಗಾಢ ನಿದ್ದೆಯಲ್ಲಿ ಹಗಲಿನ ಚಟುವಟಿಕೆಯ ವಿನ್ಯಾಸ ಮತ್ತೆ ಮತ್ತೆ ಮರುಕಳಿಸಿ, ನಿಧಾನವಾಗಿ ಮಿದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ. ಹಳೆಯ ಮದುವೆ ಅಲ್ಲಿ ಎಂದೋ ನೆಲೆಯೂರಿದೆ. ಇವತ್ತಿನ ಮಾತ್ರೆಗೆ ಹಿಪೊಕ್ಯಾಂಪಸ್ಸೇ ಗತಿ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗ ತಡೆಯಲು ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಬಾಲ್ಯ ನೆನಪಿನಲ್ಲಿ ಉಳಿಯಿತು, ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದರಲ್ಲಿ ಆತನ ಕೈ ದಿನೇ ದಿನೇ ಪಳಗಿತು, ಕಲಿತ ನೆನಪೇ ಇಲ್ಲದೆ! ಕೈಯ ಅಭ್ಯಾಸದ ದಾರಿ ಬೇರೆ ಎಂದು ಇದನ್ನು ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ತೋರಿಸಿಕೊಟ್ಟರು. ಹಾಗಾಗಿ ಅಜ್ಜಿ ರಂಗೋಲಿ ಚೆಂದ ಹಾಕುತ್ತಾರೆ ಎಂಬುದು ನೆನಪು ಸರಿಯಿದೆ ಎನ್ನಲು ಸಾಕ್ಷಿಯಲ್ಲ.

ದಾಖಲಾಗುವುದು, ಗಟ್ಟಿಯಾಗುವುದು, ಹೊರಬರುವುದು, ಈ ಮೂರರಲ್ಲಿ ಯಾವ ಹಂತ ಕೈಕೊಟ್ಟಿದೆ ಎಂದು ತಿಳಿಯಲು ಐದು ಪದ ಸಾಕು. ನವಿಲು, ಸುತ್ತಿಗೆ, ಹಲಸು, ಮೂಗುತಿ, ಕಂಬಳಿ. ಸೆಕೆಂಡಿಗೊಂದರಂತೆ ಓದಿ, ಅವರಿಂದಲೇ ಹೇಳಿಸಿ, ಇನ್ನೊಮ್ಮೆ ಓದಿ ಹೇಳಿಸಬೇಕು. ಹೀಗೆ ಹೇಳಿಸದಿದ್ದರೆ ಪರೀಕ್ಷೆಯೇ ಕೆಡುತ್ತದೆ: ಕಿವಿ ಮಂದವಾದವರು ಪದ ಕೇಳಿಸಿಕೊಂಡೇ ಇರುವುದಿಲ್ಲ, ನಾವು ಅದನ್ನು ಮರೆವು ಎಂದು ಬರೆದುಕೊಳ್ಳುತ್ತೇವೆ. ಮುಂದಿನ ಐದು ನಿಮಿಷ ಬೇರೆ ಕೆಲಸ ಕೊಡಿ. ಓದಿದವರಿಗೆ ನೂರರಿಂದ ಏಳೇಳು ಕಳೆಯುವುದು, ಶಾಲೆಗೆ ಹೋಗದವರಿಗೆ ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳುವುದು. ಸುಮ್ಮನೆ ಬಿಟ್ಟರೆ ಮನಸ್ಸಿನಲ್ಲೇ ಪಠಿಸುತ್ತ ಕೂರುತ್ತಾರೆ. ಆಮೇಲೆ ಪದಗಳನ್ನು ಕೇಳಿ. ಬಾರದಿದ್ದರೆ ‘ಅದೊಂದು ಹಕ್ಕಿ’ ಎನ್ನಿ. ಆಗಲೂ ಬಾರದಿದ್ದರೆ ‘ಗಿಳಿಯೋ, ನವಿಲೋ, ಕೊಕ್ಕರೆಯೋ?’

‘ಹಕ್ಕಿ’ ಎಂದೊಡನೆ ‘ಹಾಂ, ನವಿಲು’ ಎಂದರೆ ಪದ ಒಳಗಿದೆ, ಹೊರತೆಗೆಯುವುದು ಕಷ್ಟವಾಗಿದೆ. ಖಿನ್ನತೆ, ಥೈರಾಯ್ಡ್ ಕೊರತೆ, ನಿದ್ದೆಗೇಡು, ಮಿದುಳಿನ ಸಣ್ಣ ರಕ್ತನಾಳಗಳ ತೊಂದರೆಯಲ್ಲಿ ಹೀಗಾಗುವುದು ಹೆಚ್ಚು. ಮೂರು ಹಕ್ಕಿಗಳ ಹೆಸರು ಹೇಳಿದರೂ ‘ನೀವು ಹಕ್ಕಿ ಹೆಸರು ಹೇಳಲೇ ಇಲ್ಲವಲ್ಲ’ ಎಂದರೆ ಪದ ಉಳಿದೇ ಇಲ್ಲ. ಅಲ್ಝೈಮರ್ಸ್‌ನ ಆರಂಭದಲ್ಲಿ ಕಾಣುವುದು ಇದು. ಇಷ್ಟರಿಂದಲೇ ರೋಗ ತೀರ್ಮಾನ ಮಾಡುವಂತಿಲ್ಲ, ಆದರೆ ಮುಂದೆ ಯಾವ ಕಡೆ ಹುಡುಕಬೇಕೆಂಬುದು ತಿಳಿಯುತ್ತದೆ.

ಮನೆಯಲ್ಲಿ ನಡೆದುಕೊಳ್ಳುವ ರೀತಿಯೂ ಇದನ್ನೇ ಅನುಸರಿಸಬೇಕು. ಹೊರತೆಗೆಯಲು ಕಷ್ಟಪಡುವವರಿಗೆ ಸುಳಿವು ನೆರವಾಗುತ್ತದೆ. ನೆನಪು ಉಳಿಯದೇ ಇರುವವರನ್ನು ‘ಬೆಳಿಗ್ಗೆ ಯಾರು ಬಂದಿದ್ರು, ಹೇಳಿ ನೋಡೋಣ’ ಎಂದು ಪರೀಕ್ಷಿಸುತ್ತ ಹೋದರೆ ಅವರಿಗೆ ಅವಮಾನವಷ್ಟೇ ಸಿಗುತ್ತದೆ. ‘ಬೆಳಿಗ್ಗೆ ಚಿಕ್ಕಪ್ಪ ಬಂದಿದ್ರು’ ಎಂದು ನಾವೇ ಹೇಳಬೇಕು. ವಾರದ ಖಾನೆಗಳ ಮಾತ್ರೆ ಡಬ್ಬಿ, ಕಣ್ಣಿಗೆ ಬೀಳುವ ಕ್ಯಾಲೆಂಡರ್, ಕನ್ನಡಕಕ್ಕೊಂದು ಖಾಯಂ ಜಾಗ ಮಾಡಿಕೊಡಿ.

ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ, ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಮಾತ್ರೆಯನ್ನೂ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ಖಿನ್ನತೆಗೆ ಮತ್ತು ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್ ವಯಸ್ಸಾದವರ ನೆನಪನ್ನು ಮಂಕಾಗಿಸಬಲ್ಲವು. ಆದರೆ ಅಲ್ಪ್ರಜೋಲಮ್ ಅನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವಿಟಮಿನ್ ಬಿ12 ಪರೀಕ್ಷೆ ಮಾಡಿಸಲೇಬೇಕು, ಅದರಲ್ಲೂ ಸಸ್ಯಾಹಾರಿಗಳು ಮತ್ತು ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರು. ನಿನ್ನೆವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಗೊಂದಲಕ್ಕೊಳಗಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.