ಪಾಸಿಟಿವ್ ಬಂದ ರಿಪೋರ್ಟ್ ಯಾರದು?

ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಲು ನಮ್ಮ ಲ್ಯಾಬಿಗೆ ಮೆಣಸಿನಪುಡಿ ಬರುತ್ತದೆ, ಶೇಂಗಾ ಬರುತ್ತದೆ, ಎಳ್ಳು ಬರುತ್ತದೆ. 25 ಗ್ರಾಂ ತೂಗಿ, ಬ್ಯಾಕ್ಟೀರಿಯಾ ಬೆಳೆಯುವ ದ್ರಾವಣಕ್ಕೆ ಹಾಕಿ, ಬೆಚ್ಚಗಿಟ್ಟು ಕಾಯುತ್ತೇವೆ. ಖಚಿತ ಉತ್ತರ ಸಿಗೋಕೆ ನಾಲ್ಕೈದು ದಿನ ಬೇಕು. 'ಇಲ್ಲ' ಅಂತ ಬಂದರೆ ಯಾರೂ ಫೋನ್ ಮಾಡುವುದಿಲ್ಲ. 'ಇದೆ' ಅಂತ ಬಂದ ದಿನ ಮಾತ್ರ ಫೋನ್ ಬರುತ್ತದೆ. ಮಾತು ಹೆಚ್ಚುಕಮ್ಮಿ ಒಂದೇ: "ಮೇಡಂ, ಇನ್ನೊಂದ್ಸಲ ಮಾಡಿ ನೋಡಿ, ಕಂಟೇನರ್ ರೆಡಿ ನಿಂತಿದೆ."

ಇದೇ ಮಾತು ಅಮೆರಿಕದಲ್ಲಿ 9 ಜನರ ಜೀವ ತೆಗೆದಿದೆ. ಜಾರ್ಜಿಯಾ ರಾಜ್ಯದ ಬ್ಲೇಕ್ಲಿ ಅನ್ನುವ ಊರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿಯ ಶೇಂಗಾ ಕಾರ್ಖಾನೆ ಇತ್ತು. 2008ರ ಕೊನೆಯಲ್ಲಿ ಜನ ವಾಂತಿ ಭೇದಿ ಜ್ವರ ಅಂತ ಮಲಗತೊಡಗಿದರು. 46 ರಾಜ್ಯಗಳಲ್ಲಿ 714 ಜನರಿಗೆ ಕಾಯಿಲೆ ಬಂದದ್ದು ಲೆಕ್ಕಕ್ಕೆ ಸಿಕ್ಕಿತು. ಆ ಶೇಂಗಾ ಪೇಸ್ಟು ಬಿಸ್ಕತ್ತು, ಐಸ್‌ಕ್ರೀಮು, ನಾಯಿ ತಿಂಡಿವರೆಗೆ ಎಲ್ಲೆಲ್ಲಿಗೋ ಹೋಗಿತ್ತು. ಕೊನೆಗೆ 3,900ಕ್ಕೂ ಜಾಸ್ತಿ ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು.

ಒಣ ಶೇಂಗಾದಲ್ಲಿ ಬ್ಯಾಕ್ಟೀರಿಯಾ ಹೇಗೆ ಬದುಕುತ್ತದೆ ಅಂತ ಎಷ್ಟೋ ಜನ ಕೇಳುತ್ತಾರೆ. ಸಾಲ್ಮೊನೆಲ್ಲಾ ಒಣ ಪದಾರ್ಥದಲ್ಲಿ ಬೆಳೆಯುವುದಿಲ್ಲ, ನಿಜ. ಆದರೆ ಬೇಗ ಸಾಯುವುದೂ ಇಲ್ಲ. ಎಣ್ಣೆ ಜಾಸ್ತಿ, ನೀರು ಕಮ್ಮಿ ಇರುವ ಶೇಂಗಾ ಪೇಸ್ಟಿನಲ್ಲಿ ಅದು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ, ಬಿಸಿಯನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಅದನ್ನು ಕೊಲ್ಲುವ ಜಾಗ ಒಂದೇ, ಹುರಿಯುವ ಯಂತ್ರ. ಹುರಿದ ಮೇಲೆ ಚಾವಣಿಯಿಂದ ಮಳೆನೀರು ತೊಟ್ಟಿಕ್ಕಿದರೆ, ಇಲಿ ಓಡಾಡಿದರೆ, ಹುರಿದದ್ದೆಲ್ಲ ವ್ಯರ್ಥ. ಬ್ಲೇಕ್ಲಿಯಲ್ಲಿ ಚಾವಣಿ ಸೋರುತ್ತಿತ್ತು. ಇಲಿಯೂ ಇತ್ತು.

ಇದಕ್ಕಿಂತ ದೊಡ್ಡ ತಪ್ಪು ಕಾಗದದಲ್ಲಿ ಇತ್ತು. ಕಂಪನಿ ಕಳಿಸಿದ ಮಾದರಿಗಳಲ್ಲಿ ಖಾಸಗಿ ಲ್ಯಾಬುಗಳು ಸಾಲ್ಮೊನೆಲ್ಲಾ ಕಂಡುಹಿಡಿದಿದ್ದವು. ಒಂದು ಸಲವಲ್ಲ, 2007 ಮತ್ತು 2008ರಲ್ಲಿ ಹತ್ತಕ್ಕೂ ಹೆಚ್ಚು ಸಲ. ಕಂಪನಿಯವರು ಮತ್ತೆ ಪರೀಕ್ಷೆ ಮಾಡಿಸಿ, 'ಇಲ್ಲ' ಅನ್ನುವ ಉತ್ತರ ಹಿಡಿದುಕೊಂಡು ಮಾಲು ಕಳಿಸಿದರು. ಕೆಲವು ಸಲ ಉತ್ತರ ಬರುವ ಮೊದಲೇ ಕಳಿಸಿದರು, ಪ್ರಮಾಣಪತ್ರವನ್ನು ಸುಳ್ಳಾಗಿ ತಯಾರಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನ ಮಾಲೀಕರೂ ಇಲ್ಲೇ ಎಡವುತ್ತಾರೆ. ಒಂದು ಟನ್ ಶೇಂಗಾದಲ್ಲಿ ಬ್ಯಾಕ್ಟೀರಿಯಾ ಹಾಲಿಗೆ ಸಕ್ಕರೆ ಕಲಸಿದ ಹಾಗೆ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಇದ್ದ ಹಾಗೆ ಅಲ್ಲೊಂದು ಇಲ್ಲೊಂದು ಇರುತ್ತದೆ. ಒಂದು ಹಿಡಿಯಲ್ಲಿ ಕಲ್ಲು ಸಿಕ್ಕಿತು, ಇನ್ನೊಂದು ಹಿಡಿಯಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಮೂಟೆಯಲ್ಲಿ ಕಲ್ಲಿಲ್ಲ ಅಂತ ಅಮ್ಮ ಹೇಳುತ್ತಾಳಾ? ಎರಡನೇ 'ಇಲ್ಲ' ಮೊದಲನೇ 'ಇದೆ'ಯನ್ನು ಅಳಿಸುವುದಿಲ್ಲ. ಲ್ಯಾಬಿನಲ್ಲೇ ತಪ್ಪಾಗಿದೆ ಅಂತ ತೋರಿಸಲು ಗಟ್ಟಿ ಸಾಕ್ಷಿ ಇಲ್ಲದಿದ್ದರೆ ಆ ಮಾಲು ಜನರ ತಟ್ಟೆಗೆ ಹೋಗಬಾರದು.

ಆಗ ಅಮೆರಿಕದ ಕಾನೂನು ಹೇಗಿತ್ತೆಂದರೆ, ಇಂಥ ರಿಪೋರ್ಟನ್ನು ಸರ್ಕಾರಕ್ಕೆ ತೋರಿಸಲೇಬೇಕು ಅಂತ ಇರಲಿಲ್ಲ. ಕೆಟ್ಟ ಮಾಲನ್ನು ವಾಪಸ್ ತರಿಸಿ ಅಂತ ಆದೇಶಿಸುವ ಅಧಿಕಾರ, ಶಿಶು ಆಹಾರ ಬಿಟ್ಟರೆ, ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೇ ಇರಲಿಲ್ಲ. ಕಂಪನಿಯೇ ಮನಸ್ಸು ಮಾಡಬೇಕಿತ್ತು.

ಇಲ್ಲಿ ಬರುತ್ತಾರೆ ಇಲಿನಾಯ್ ರಾಜ್ಯದ ಸೆನೆಟರ್ ಡಿಕ್ ಡರ್ಬಿನ್. ಅವರಿಗೆ ಈ ವಿಷಯ ಹೊಸದಲ್ಲ. 1993ರಲ್ಲಿ ಶಿಕಾಗೋದ ಒಬ್ಬ ತಾಯಿಯ ಆರು ವರ್ಷದ ಮಗ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇದ್ದ ಮಾಂಸ ತಿಂದು ತೀರಿಕೊಂಡ. ಆಕೆ ಡರ್ಬಿನ್‌ಗೆ ಪತ್ರ ಬರೆದರು, ಅಲ್ಲಿಂದ ಡರ್ಬಿನ್ ಈ ಕೆಲಸ ಬಿಡಲಿಲ್ಲ. ಅಲ್ಲಿ ಚೀಸ್ ಮಾತ್ರ ಇರುವ ಪಿಜ್ಜಾದ ತಪಾಸಣೆಗೆ ಒಂದು ಇಲಾಖೆ, ಮೇಲೆ ಮಾಂಸ ಹಾಕಿದರೆ ಇನ್ನೊಂದು ಇಲಾಖೆ. ಈ ಗೊಂದಲ ಬೇಡ, ಎಲ್ಲ ಆಹಾರಕ್ಕೂ ಒಂದೇ ಸಂಸ್ಥೆ ಇರಲಿ ಅಂತ ವರ್ಷಗಟ್ಟಲೆ ಕೇಳಿದರು. ಅದು ಇವತ್ತಿಗೂ ಆಗಿಲ್ಲ.

ಶೇಂಗಾ ಪ್ರಕರಣದ ಬಿಸಿಯಲ್ಲೇ, 2009ರ ಮಾರ್ಚ್‌ನಲ್ಲಿ, ಅವರು ರಿಪಬ್ಲಿಕನ್ ಪಕ್ಷದ ಜಡ್ ಗ್ರೆಗ್ ಜೊತೆ ಸೇರಿ ಆಹಾರ ಸುರಕ್ಷತೆಯ ಮಸೂದೆ ತಂದರು. 2010ರ ನವೆಂಬರ್ 30ರಂದು ಅಲ್ಲಿನ ಮೇಲ್ಮನೆಯಾದ ಸೆನೆಟ್ 73–25 ಮತಗಳಿಂದ ಒಪ್ಪಿತು. ಆಮೇಲೆ ನೋಡಿದರೆ ಅದರಲ್ಲಿ ಶುಲ್ಕ ವಸೂಲಿಯ ಕಲಮುಗಳಿದ್ದವು, ಅಂಥ ಮಸೂದೆ ಕೆಳಮನೆಯಲ್ಲೇ ಹುಟ್ಟಬೇಕು ಅನ್ನುವುದು ಅವರ ಸಂವಿಧಾನದ ನಿಯಮ, ಹಾಗಾಗಿ ಎಲ್ಲ ಮತ್ತೆ ಮೊದಲಿಂದ. ಡಿಸೆಂಬರ್ 19ರಂದು ಇನ್ನೊಮ್ಮೆ ಪಾಸಾಯಿತು. 2011ರ ಜನವರಿ 4ರಂದು ಒಬಾಮ ಸಹಿ ಹಾಕಿದರು.

ಇದೇ ಡರ್ಬಿನ್ 2007ರಲ್ಲಿ ಸೆನೆಟ್‌ನ ಮಾನವ ಹಕ್ಕುಗಳು ಮತ್ತು ಕಾನೂನು ಉಪಸಮಿತಿಯ ಮೊದಲ ಅಧ್ಯಕ್ಷರಾದರು. ಬೇರೆ ದೇಶದಲ್ಲಿ ನರಮೇಧ ಮಾಡಿದವರು, ಮಕ್ಕಳ ಕೈಗೆ ಬಂದೂಕು ಕೊಟ್ಟವರು ಅಮೆರಿಕಕ್ಕೆ ಬಂದು ಹಾಯಾಗಿ ಇರಬಾರದು ಅಂತ ಕಾನೂನು ತಂದವರೂ ಅವರೇ. ಬಂದೂಕಿಗೂ ಶೇಂಗಾಕ್ಕೂ ಏನು ಸಂಬಂಧ ಅನ್ನಿಸಬಹುದು. ನನಗೆ ಎರಡೂ ಒಂದೇ ಕೆಲಸವಾಗಿ ಕಾಣುತ್ತದೆ. ತೊಂದರೆ ಕೊಟ್ಟವರು ಉತ್ತರ ಹೇಳಲೇಬೇಕು ಅನ್ನುವ ಹಟ ಎರಡರಲ್ಲೂ ಇದೆ.

ಹೊಸ ಕಾನೂನಿನಲ್ಲಿ ವಾಪಸಾತಿ ಆದೇಶದ ಅಧಿಕಾರ ಬಂತು. ಕಾರ್ಖಾನೆಗಳ ತಪಾಸಣೆಗೆ ಅವಧಿ ಗೊತ್ತಾಯಿತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 402ನೇ ಕಲಮು. ಕಾರ್ಖಾನೆಯ ಒಳಗಿನ ಕೆಲಸಗಾರ ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಅವನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಹಿಂಸೆ ಕೊಡುವ ಹಾಗಿಲ್ಲ. ಚಾವಣಿ ಸೋರುವುದು ಮೊದಲು ಕಾಣುವುದು ಅಲ್ಲಿ ಚೀಲ ಹೊರುವವನಿಗೆ ಅಲ್ವಾ? ಇನ್‌ಸ್ಪೆಕ್ಟರ್ ಬರುವ ದಿನ ಎಲ್ಲ ತೊಳೆದು ಒರೆಸಿ ಇಟ್ಟಿರುತ್ತಾರೆ.

ಆಹಾರದ ಹಕ್ಕು ಅಂದರೆ ಹೊಟ್ಟೆ ತುಂಬುವುದು ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ವಿಶ್ವಸಂಸ್ಥೆಯ ಸಮಿತಿ 1999ರಲ್ಲೇ ಹೇಳಿದೆ, ಆ ಆಹಾರದಲ್ಲಿ ಹಾನಿಕರ ವಸ್ತು ಇರಬಾರದು, ಅದೂ ಹಕ್ಕಿನ ಭಾಗ ಅಂತ. ಆ ಹಕ್ಕನ್ನು ಹೇಳುವ 1966ರ ಒಪ್ಪಂದಕ್ಕೆ ಅಮೆರಿಕ 1977ರಲ್ಲಿ ಸಹಿ ಹಾಕಿತು, ಇವತ್ತಿನವರೆಗೂ ಅನುಮೋದಿಸಿಲ್ಲ. ಭಾರತ 1979ರಲ್ಲೇ ಒಪ್ಪಿತು. ಸುರಕ್ಷಿತ ಆಹಾರ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಅಂತ ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಹಕ್ಕಿನ ಮಾತಿನಲ್ಲಿ ನಾವು ಮುಂದೆ ಇದ್ದೇವೆ. ಆದರೆ ಬಾಯಿಬಿಟ್ಟ ಕೆಲಸಗಾರನ ನೌಕರಿ ಕಾಯುವ ಅಂಥ ಕಲಮು ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಇಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ.

2015ರಲ್ಲಿ ಆ ಕಂಪನಿಯ ಮಾಲೀಕ ಸ್ಟೀವರ್ಟ್ ಪಾರ್ನೆಲ್‌ಗೆ 28 ವರ್ಷ ಜೈಲಾಯಿತು. ಕ್ವಾಲಿಟಿ ಮ್ಯಾನೇಜರ್‌ಗೂ 5 ವರ್ಷ ಆಯಿತು. ಆ ಎರಡನೇ ಶಿಕ್ಷೆಯನ್ನು ನನ್ನ ಕಸುಬಿನವರು ಮರೆಯಬಾರದು. ಕುರ್ಚಿ ನಮ್ಮದೇ.

ಬ್ಯಾಡಗಿ ಮೆಣಸಿನಕಾಯಿ ಪುಡಿ ಅಮೆರಿಕಕ್ಕೆ ಹೋಗಬೇಕಾದರೆ ಈಗ ಅಲ್ಲಿನ ಆಮದುದಾರ ಇಲ್ಲಿನ ಘಟಕ ಹೇಗಿದೆ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು, ಅದೂ ಡರ್ಬಿನ್ ತಂದ ಆ ಅಮೆರಿಕದ ಕಾನೂನಿನಿಂದಲೇ ಬಂದದ್ದು. ಹಾಗಾಗಿ ಹಾವೇರಿ ಕಡೆಯ ಸಣ್ಣ ಘಟಕಗಳಿಗೂ ನಾನು ಹೋಗುತ್ತೇನೆ. ಹೋದ ತಿಂಗಳು ಒಂದು ಕಡೆಯಿಂದ ಕ್ವಾಲಿಟಿ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ, ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ. "ಮೇಡಂ, ಪಾಸಿಟಿವ್ ಬಂದೈತ್ರಿ, ಸಾಹೇಬ್ರು ಮತ್ತ ಟೆಸ್ಟಿಗೆ ಕಳಸು ಅಂದಾರ್ರಿ, ನಾ ಏನ್ ಮಾಡ್ಲಿ?" ದನಿ ನಡುಗುತ್ತಿತ್ತು. ಲಾಟ್ ನಂಬರ್ ಬರೆದು ಎಲ್ಲ ಚೀಲಕ್ಕೂ 'ಹೋಲ್ಡ್' ಚೀಟಿ ಅಂಟಿಸು, ಫೋಟೊ ತೆಗಿ, ಮಾಲೀಕರಿಗೂ ನನಗೂ ಒಟ್ಟಿಗೇ ಮೇಲ್ ಹಾಕು ಅಂದೆ. ಅರ್ಧ ಗಂಟೆ ಬಿಟ್ಟು ಮೇಲ್ ಬಂತು. ಸಂಜೆ ಮಾಲೀಕರೂ ಫೋನ್ ಮಾಡಿದರು, ಸ್ವಲ್ಪ ಕೂಗಾಡಿದರು, ಆಮೇಲೆ ಹಬೆಯಲ್ಲಿ ಶುದ್ಧ ಮಾಡುವ ಯಂತ್ರ ಎಲ್ಲಿ ಕೆಟ್ಟಿದೆ ನೋಡೋಣ, ಬರ್ತೀರಾ ಅಂತ ಕೇಳಿದರು. ಆ 40 ಚೀಲ ಇನ್ನೂ ಗೋದಾಮಿನಲ್ಲೇ ಇವೆ.