ಸಾಪೇಕ್ಷ ಬಡತನ: ನಡುವಿನ ಮನೆ ಬೇರೆ, ಸರಾಸರಿ ಬೇರೆ

‘ಇಂಗ್ಲೆಂಡಿನಲ್ಲೂ ಬಡವರಾ? ಮನೆಯಲ್ಲಿ ಫ್ರಿಜ್ ಇದ್ದವರು ಬಡವರು ಹೇಗಾಗ್ತಾರೆ?’ ಹೋದ ವಾರ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆಯ ಹೋಟೆಲೊಂದರಲ್ಲಿ ಮತ್ತೆ ಇದೇ ಮಾತು ಕಿವಿಗೆ ಬಿತ್ತು. ಮೇಜಿನ ಮೇಲಿದ್ದ ಪೇಪರಿನಲ್ಲಿ ಅಲ್ಲಿನ ಸಾಪೇಕ್ಷ ಬಡತನದ, ಅಂದರೆ ಸುತ್ತಲಿನವರ ಜೊತೆ ಹೋಲಿಸಿ ಅಳೆಯುವ ಬಡತನದ, ಸುದ್ದಿಯಲ್ಲಿ ‘ಸರಾಸರಿ ಆದಾಯದ ಶೇ. 60ಕ್ಕಿಂತ ಕಡಿಮೆ ಇರುವವರು ಬಡವರು’ ಅಂತ ಅಚ್ಚಾಗಿತ್ತು. ಎರಡೂ ತಪ್ಪು. ಎಷ್ಟು ಸಲ ಅಂತ ಸುಮ್ಮನಿರುವುದು?

ಮೊದಲು ಫ್ರಿಜ್ಜಿನ ವಿಷಯ. ನಮ್ಮ ಕಡೆ ಈ ಗೊಂದಲಕ್ಕೆ ಪದವೂ ಒಂದು ಕಾರಣ ಅಂತ ನನಗನಿಸುತ್ತದೆ. ‘ಬಡ’ ಅಂದರೆ ತೆಳ್ಳಗಿನ, ಸೊರಗಿದ. ಬಡಕಲು ದನ ಅನ್ನುತ್ತೇವಲ್ಲ, ಅದೇ ಬಡ. ಹಳೆಯ ಕಾವ್ಯದಲ್ಲಿ ಸಣ್ಣ ಸೊಂಟಕ್ಕೆ ‘ಬಡನಡು’ ಅನ್ನುತ್ತಾರೆ, ಅಲ್ಲಿ ದುಡ್ಡಿನ ಸುದ್ದಿಯೇ ಇಲ್ಲ. ತುಳುವಿನಲ್ಲಂತೂ ‘ಬಡವು’ ಅಂದರೆ ನೇರವಾಗಿ ಹಸಿವು. ‘ಎಂಕ್ ಬಡವಾಪುಂಡು’ ಅಂತ ಮಗು ಅಂದರೆ ಅಮ್ಮ ಗಂಜಿ ಬಡಿಸುತ್ತಾಳೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮಗೆ ಬಡತನ ಅಂದ ಕೂಡಲೇ ಖಾಲಿ ಹೊಟ್ಟೆ ನೆನಪಾಗುವುದು ಸಹಜ.

ಹಸಿವಿನ ಹತ್ತಿರದ ಬಡತನಕ್ಕೆ ಕಡುಬಡತನ ಅನ್ನುವ ಹೆಸರಿದೆ. 2025ರ ನವೆಂಬರ್ 1ರಂದು ಕೇರಳ ಸರಕಾರ ಮುಗಿಯಿತು ಅಂತ ಘೋಷಿಸಿದ್ದು ಇದನ್ನು, ಅತಿದಾರಿದ್ರ್ಯವನ್ನು. ಊಟ, ಆರೋಗ್ಯ, ಆದಾಯ, ಸೂರು ನೋಡಿ 64,006 ಕುಟುಂಬಗಳನ್ನು ಗುರುತಿಸಿದ್ದರು. ಅದನ್ನು ‘ಕೇರಳದಲ್ಲಿ ಬಡತನವೇ ಇಲ್ಲ’ ಅಂತ ತಿರುಗಿಸಿ ಹೇಳಬಾರದು. ರೇಷನ್ ಅಂಗಡಿಗೆ ಬಡವರಿಗೆ ಕೊಡುವ ಹಳದಿ, ಪಿಂಕ್ ಕಾರ್ಡ್ ಹಿಡಿದು ಬರುವವರು ಇವತ್ತಿಗೂ ಇದ್ದಾರೆ.

ಸಾಪೇಕ್ಷ ಬಡತನ ಕೇಳುವುದೇ ಬೇರೆ: ನೀವಿರುವ ಊರಿನಲ್ಲಿ ನಾಲ್ಕು ಜನರ ಹಾಗೆ ಬದುಕಲು ಆಗುತ್ತದಾ? ಲಿನನ್ ಅಂಗಿ ಇಲ್ಲದೆ ಜನರ ಮುಂದೆ ಬರಲು ಕೂಲಿಯಾಳಿಗೂ ನಾಚಿಕೆಯಾಗುತ್ತದೆ ಅಂತ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ. ಮುಯ್ಯಿಗೆ ದುಡ್ಡಿಲ್ಲ ಅಂತ ನೆಂಟರ ಮದುವೆಗೆ ಹೋಗದೆ ಉಳಿಯುವವರು ನಮ್ಮಲ್ಲೂ ಇದ್ದಾರೆ ಅಲ್ವಾ? ಇಂಗ್ಲೆಂಡಿನಲ್ಲಿ ಎಷ್ಟೋ ಮನೆಗಳ ಕರೆಂಟ್ ಮೀಟರಿಗೆ ಮೊದಲೇ ದುಡ್ಡು ತುಂಬಬೇಕು. ದುಡ್ಡು ಮುಗಿದರೆ ಹೀಟರ್ ಆಫ್, ಫ್ರಿಜ್ಜೂ ಆಫ್.

ಇನ್ನು ‘ಸರಾಸರಿ’. ಬ್ರಿಟನ್ ಲೆಕ್ಕ ಹಾಕುವುದು ಮಧ್ಯಕದ ಶೇ. 60. ಮಧ್ಯಕ ಅಂದರೆ ಮನೆಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಮನೆಯ ಆದಾಯ. ಒಂದು ಓಣಿಯಲ್ಲಿ ಏಳು ಮನೆ ಇದೆ ಅಂದುಕೊಳ್ಳಿ. ತಿಂಗಳಿಗೆ 8, 10, 14, 20, 24, 28, 36 ಸಾವಿರ. ಸರಾಸರಿಯೂ 20, ನಡುವಿನ ಮನೆಯದ್ದೂ 20. 20ರ ಶೇ. 60, ಅಂದರೆ ಬಡತನದ ರೇಖೆ, 12 ಸಾವಿರ, ಅದಕ್ಕಿಂತ ಕೆಳಗೆ ಎರಡು ಮನೆ. ಈಗ ಕೊನೆಯ ಮನೆಯ ಮಗ ದುಬೈಗೆ ಹೋಗಿ, ಆ ಮನೆಯ ಆದಾಯ 176 ಸಾವಿರ ಆಯಿತು. ಸರಾಸರಿ 40ಕ್ಕೆ ಹಾರಿತು. ಪೇಪರಿನವರ ಲೆಕ್ಕದಲ್ಲಿ ರೇಖೆ 24 ಸಾವಿರ, ನಾಲ್ಕು ಬಡ ಮನೆ! ನಿಜವಾದ ಲೆಕ್ಕದಲ್ಲಿ ನಡುವಿನ ಮನೆ ಇನ್ನೂ 20ರಲ್ಲೇ ಇದೆ. ರೇಖೆ 12, ಬಡ ಮನೆಗಳು ಎರಡೇ.

‘ಶ್ರೀಮಂತರು ಜಾಸ್ತಿ ಗಳಿಸಿದರೆ ಬಡತನ ತಾನಾಗಿ ಏರುತ್ತದೆ, ಇದು ಯಾವತ್ತೂ ಮುಗಿಯದ ಲೆಕ್ಕ’ ಅನ್ನುವ ಮಾತು ಹುಟ್ಟುವುದು ಈ ತಪ್ಪಿನಿಂದ. ನಮ್ಮ ಓಣಿಯ ಕೆಳಗಿನ ಎರಡು ಮನೆಗಳಿಗೆ ಒಟ್ಟು 6 ಸಾವಿರ ಸೇರಿದರೆ ರೇಖೆಯ ಕೆಳಗೆ ಯಾರೂ ಉಳಿಯುವುದಿಲ್ಲ. ಮಧ್ಯಕ ಅನ್ನುವುದು ಬಾಯಿಗೆ ಕಷ್ಟವಾದರೆ ‘ನಡುವಿನ ಮನೆಯ ಆದಾಯ’ ಅಂತ ಬರೆಯಿರಿ. ಸರಾಸರಿ ಅಂತ ಮಾತ್ರ ಬೇಡ.

ನೆರವು ಕೊಟ್ಟರೆ ಬಡತನ ಇಳಿಯುತ್ತದೆ ಅನ್ನುವುದು ಅಮೆರಿಕದಲ್ಲೂ ಕಂಡಿದೆ, ಅಲ್ಲಿನ ಅಳತೆ ಮಾತ್ರ ಬೇರೆ ಥರ. ಅಲ್ಲಿನ ಅಧಿಕೃತ ರೇಖೆ 1960ರ ದಶಕದಲ್ಲಿ ಊಟದ ಖರ್ಚನ್ನು ಮೂರು ಪಟ್ಟು ಮಾಡಿ ಹಾಕಿದ್ದು. ತೆರಿಗೆಯ ಮೂಲಕ ಸಿಗುವ ಹಣ, ಆಹಾರದ ನೆರವು ಇಂಥವನ್ನೂ ಸೇರಿಸಿ ನೋಡುವ ಇನ್ನೊಂದು ಪೂರಕ ಅಳತೆ ಇದೆ. 2021ರಲ್ಲಿ ಮಕ್ಕಳಿರುವ ಮನೆಗಳಿಗೆ ಕೊಡುವ ಹಣವನ್ನು ಜಾಸ್ತಿ ಮಾಡಿದಾಗ, ಈ ಅಳತೆಯಲ್ಲಿ ಮಕ್ಕಳ ಬಡತನ ಶೇ. 5.2ಕ್ಕೆ ಇಳಿದಿತ್ತು. ಆ ಹೆಚ್ಚುವರಿ ಹಣ ನಿಂತಿತು. 2022ರಲ್ಲಿ ಮಕ್ಕಳ ಬಡತನ ಶೇ. 12.4.